ಕಾಗದದಲ್ಲಿ ಎಪ್ಪತ್ತೊಂಬತ್ತು

ಅವರ ಹೆಸರನ್ನು ನಾನು ಬರೆಯುವುದಿಲ್ಲ. ನಾವು ಒಟ್ಟಿಗೆ ಕೆಲಸ ಮಾಡಿದ ಆಫೀಸು ಯಾವ ಊರಿನದ್ದು ಎಂದೂ ಹೇಳುವುದಿಲ್ಲ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರರಲ್ಲಿ ಒಂದು ಎಂದುಕೊಳ್ಳಿ, ಸಾಕು. ಊರುಗಳ ಹೆಸರನ್ನು ಅಲ್ಲಲ್ಲಿ ಅದಲುಬದಲು ಮಾಡಿದ್ದೇನೆ. ಅವರು ಸರ್ವೆಯರ್, ನಾನು ಟ್ರೇಸರ್. ಅವರು ಗುಡ್ಡ ಹತ್ತಿ ಇಳಿದು ಜಾಗ ಅಳೆದು ತಂದದ್ದನ್ನು ನಾನು ಫ್ಯಾನಿನ ಅಡಿಯಲ್ಲಿ ಕುಳಿತು ಟ್ರೇಸಿಂಗ್ ಬಟ್ಟೆಯ ಮೇಲೆ ಶಾಯಿಯಲ್ಲಿ ಎಳೆಯುತ್ತಿದ್ದೆ. ಹದಿನೆಂಟು ವರ್ಷ ಹೀಗೆ ನಡೆಯಿತು. ಕಳೆದ ತಿಂಗಳು ಅವರು ತೀರಿಕೊಂಡರು. ಕೊನೆಯ ಮೂರು ವರ್ಷ ಅವರು ನನ್ನೊಡನೆ ಒಂದು ಮಾತೂ ಆಡಿರಲಿಲ್ಲ.

ಉದ್ದ ಆಳು, ಸಪೂರ. ಪ್ಯಾಂಟಿನ ತುದಿಯನ್ನು ಕಾಲುಚೀಲದ ಒಳಗೆ ಸಿಕ್ಕಿಸಿ, ಬಗಲಲ್ಲಿ ಕೊಡೆ ಇಟ್ಟುಕೊಂಡು ಆಫೀಸಿಗೆ ಬರುತ್ತಿದ್ದರು. ಶುಕ್ರವಾರ ಮಾತ್ರ ಇಸ್ತ್ರಿ ಹಾಕಿದ ಬಿಳಿ ಅಂಗಿ, ತಲೆಗೆ ಬಿಳಿ ಟೋಪಿ. ಅವರ ಒಂದು ಹೆಜ್ಜೆ ಅಂದರೆ ಎರಡೂವರೆ ಅಡಿ. ಏರಿನಲ್ಲೂ ಅಷ್ಟೇ, ಇಳಿತದಲ್ಲೂ ಅಷ್ಟೇ. ಬಸ್‌ಸ್ಟ್ಯಾಂಡಿನಿಂದ ಆಫೀಸಿಗೆ ಎಷ್ಟು ಹೆಜ್ಜೆ, ಆಫೀಸಿನಿಂದ ಹೋಟೆಲಿಗೆ ಎಷ್ಟು, ಮಸೀದಿಗೆ ಎಷ್ಟು, ಎಲ್ಲ ಬಾಯಿಪಾಠ. ಮಾತಾಡುತ್ತಾ ನಡೆಯುವಾಗಲೂ ಒಳಗೆ ಎಣಿಕೆ ನಡೆಯುತ್ತಲೇ ಇರುತ್ತಿತ್ತು. ಬೆಟ್ಟದ ದಾರಿಯನ್ನು ಮಾತ್ರ ಬೀಡಿಯಲ್ಲಿ ಹೇಳುವರು. "ಅಲ್ಲಿಂದ ಮೇಲೆ ಎರಡು ಬೀಡಿ ದಾರಿ," ಎಂದರೆ ನಮ್ಮಂಥವರಿಗೆ ಒಂದು ಗಂಟೆ ಎಂದರ್ಥ. ಆ ಬೀಡಿಯೇ ಮುಂದೆ ಮುಳುವಾಯಿತೋ ಏನೋ, ನನಗೆ ತಿಳಿಯದು. ಹೆಂಡತಿಗೆ ದಮ್ಮು ಶುರುವಾದ ವರ್ಷ ಅದನ್ನು ಬಿಟ್ಟಿದ್ದರು.

ನನ್ನನ್ನು ಅವರು ಕರೆಯುತ್ತಿದ್ದದ್ದು 'ಟ್ರೇಸರಮ್ಮ' ಎಂದು. ನಾನು ಎಳೆದ ನಕ್ಷೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದು ಸಣ್ಣ ಹಳ್ಳದ ಗೆರೆಯ ಮೇಲೆ ಬೆರಳಿಟ್ಟು ನಿಲ್ಲುವರು.

"ಟ್ರೇಸರಮ್ಮ, ಈ ತೋಡು ಇಲ್ಲಿ ಬಗ್ಗುದಿಲ್ಲ. ಒಂಚೂರು ಮುಂದೆ ಹೋಗಿ ಬಗ್ತದೆ."

"ತೋಡಿಗೇ ಗೊತ್ತಿಲ್ಲದ್ದು ನಿಮಗೆ ಗೊತ್ತುಂಟಲ್ಲ!"

"ತೋಡಿಗೆ ಗೊತ್ತಿಲ್ಲದಿದ್ರೆ ತೊಂದರೆ ಇಲ್ಲ ಮಾರಾಯ್ತಿ. ಅದರ ಬದಿಯ ಮನೆಯವನಿಗೆ ಗೊತ್ತಾಗ್ಬೇಕಲ್ಲ."

ನಾನು ಅರ್ಧ ದಿನದ ಕೆಲಸವನ್ನು ಹರಿದು ಹಾಕಿ ಮತ್ತೆ ಕೂರುತ್ತಿದ್ದೆ, ಬೈಯುತ್ತಲೇ. ಆ ತೋಡನ್ನು ನಾನು ನೋಡಿದವಳೇ ಅಲ್ಲ. ಅವರು ಅಳೆದ ಯಾವ ಜಾಗವನ್ನೂ ನಾನು ನೋಡಿಲ್ಲ. ಆದರೂ ಇವತ್ತು ಕಣ್ಣು ಮುಚ್ಚಿದರೆ ಒಂದು ತಾಲೂಕಿನ ತೋಡುಗಳೆಲ್ಲ ಎಲ್ಲೆಲ್ಲಿ ಬಗ್ಗುತ್ತವೆ ಎಂದು ಹೇಳಬಲ್ಲೆ.

ನೆರಿಯದ ಕಡೆ ಅಣ್ಣತಮ್ಮಂದಿರ ಜಗಳವೊಂದಿತ್ತು. ಮೂರು ಅಡಿ ಜಾಗಕ್ಕೆ ಎರಡು ಮನೆಯವರು ಕತ್ತಿ ಹಿಡಿದು ನಿಂತಿದ್ದರಂತೆ. ಇವರು ಹೋಗಿ ಒಂದು ಬೀಡಿ ಹಚ್ಚಿ, ಅಳತೆಯ ಸರಪಳಿಯ ಒಂದು ತುದಿಯನ್ನು ಅಣ್ಣನ ಕೈಗೆ, ಇನ್ನೊಂದನ್ನು ತಮ್ಮನ ಕೈಗೆ ಕೊಟ್ಟರು. "ನೀವೇ ಹಿಡೀರಿ. ಸುಳ್ಳು ಹೇಳ್ಬೇಕಾದ್ರೆ ಸರಪಳಿಗೇ ಹೇಳಿ." ಎಲ್ಲಿ ತಕರಾರು ಇದ್ದರೂ ಅವರ ಕ್ರಮ ಇದೇ. ಕೂಲಿಯವರು ಪಕ್ಕದಲ್ಲಿದ್ದರೂ ಜಗಳದವರ ಕೈಯಲ್ಲೇ ಸರಪಳಿ ಹಿಡಿಸುವುದು. ಎಳೆದು ಹಿಡಿದರೆ ಎದುರಿನವನಿಗೆ ಗೊತ್ತಾಗುತ್ತದೆ, ಸಡಿಲ ಬಿಟ್ಟರೆ ಇವನಿಗೇ ನಷ್ಟ. ಹಾಗೆ ಅಳೆದು ಹಾಕಿದ ಗಡಿಕಲ್ಲನ್ನು ಮತ್ತೆ ಯಾರೂ ಅಲುಗಾಡಿಸುತ್ತಿರಲಿಲ್ಲ. ಅವರ ಹೆಮ್ಮೆ ಎಂದಿದ್ದರೆ ಅದೊಂದೇ.

ನಿವೃತ್ತಿಯ ದಿನ ಹಾರ, ಶಾಲು, ಉಪ್ಪಿಟ್ಟು ಎಲ್ಲ ಆಯಿತು. ಸಂಜೆ ಕೊನೆಯ ಫೀಲ್ಡ್ ಬುಕ್ಕನ್ನು ನನ್ನ ಮೇಜಿನ ಮೇಲೆ ಇಟ್ಟರು. ನನಗೆ ದುಃಖವಾಗಿತ್ತು. ದುಃಖವಾದಾಗ ನನ್ನ ನಾಲಿಗೆ ಇನ್ನೂ ಹರಿತವಾಗುತ್ತದೆ, ಅದು ನನ್ನ ದೊಡ್ಡ ದೋಷ.

"ಐವತ್ತೆಂಟಕ್ಕೆ ಯಾರಾದ್ರೂ ಇಷ್ಟು ಮುದುಕ ಆಗ್ತಾರಾ? ನನ್ನ ಅಪ್ಪನ ಹಾಗೆ ಕಾಣ್ತೀರಿ."

ಅವರು ನಗಲಿಲ್ಲ. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಐವತ್ತೆಂಟಲ್ಲ ಟ್ರೇಸರಮ್ಮ. ಅರವತ್ತನಾಲ್ಕು."

ಹನ್ನೆರಡನೆಯ ವಯಸ್ಸಿನವರೆಗೆ ಮಾವನ ಒಣಮೀನಿನ ಅಂಗಡಿಯಲ್ಲಿದ್ದವರಂತೆ. ಒಬ್ಬ ಹೆಡ್‌ಮಾಸ್ಟರು ಹಟ ಹಿಡಿದು ಶಾಲೆಗೆ ಎಳೆದುಕೊಂಡು ಹೋದರು. ಒಂದನೇ ಕ್ಲಾಸಿಗೆ ಆರು ವರ್ಷ, ಹಾಗಾಗಿ ಆರು ಎಂದೇ ಬರೆದರು. ಶಾಲೆ ತೆರೆಯುವ ದಿನವೇ ಜನ್ಮದಿನ. ನಮ್ಮ ಕಾಲದ ಅರ್ಧ ಊರು ಅದೇ ದಿನ ಹುಟ್ಟಿದ್ದು, ಅದರಲ್ಲಿ ಆಶ್ಚರ್ಯವೇನಿಲ್ಲ. ಮೀಸೆ ಬಂದ ಮೇಲೂ ಹಿಂದಿನ ಬೆಂಚಿನಲ್ಲಿ ಕುಳಿತು ಓದಿದರು, ಪಾಸಾದರು, ಕೆಲಸ ಸಿಕ್ಕಿತು. ಕಾಗದ ಹೇಳಿದ ಹಾಗೆಯೇ ಬದುಕಿದರು.

"ಇದು ನನ್ನ ಹೆಂಡತಿಗೆ ಗೊತ್ತುಂಟು, ಈಗ ನಿಮಗೆ. ಬೇರೆ ಯಾರಿಗೂ ಗೊತ್ತಾಗ್ಬಾರದು."

"ಗೊತ್ತಾದ್ರೆ ಎಂತ ಆಗ್ತದೆ? ಜೈಲಿಗೆ ಹಾಕ್ತಾರಾ?"

"ನನ್ನನ್ನು ಬಿಡಿ. ಕೊನೆಯ ಆರು ವರ್ಷ ನಾನು ಸರ್ವಿಸಿನಲ್ಲಿ ಇರ್ಬಾರದಿತ್ತು. ಆಗ ಹಾಕಿದ ಕಲ್ಲು ಎಷ್ಟು ಉಂಟು! ಯಾವನಾದ್ರೂ ವಕೀಲನಿಗೆ ಇದು ಸಿಕ್ಕಿದ್ರೆ, ಈ ಮನುಷ್ಯನಿಗೆ ಅಳೆಯುವ ಅಧಿಕಾರವೇ ಇರ್ಲಿಲ್ಲ ಹೇಳ್ತಾನೆ. ಅಷ್ಟೂ ಕಲ್ಲು ಏಳ್ತದೆ. ಮತ್ತೆ ಕತ್ತಿ ಹಿಡೀತಾರೆ."

ಕಾನೂನು ಹಾಗೆಲ್ಲ ಹೋಗುವುದಿಲ್ಲ ಎಂದು ನನಗೆ ಆಗಲೇ ಅನಿಸಿತ್ತು. ಹೇಳಿದೆ ಕೂಡ. ಅವರು ಒಪ್ಪದೆ ತಲೆಯಾಡಿಸಿದರು. ಕಲ್ಲು ಏಳುತ್ತದೆ ಎಂಬುದೇ ಅವರ ನಂಬಿಕೆಯಾಗಿತ್ತು. ಯಾರಿಗೂ ಹೇಳುವುದಿಲ್ಲ ಎಂದು ನಾನು ಮಾತು ಕೊಟ್ಟೆ.

ಆಮೇಲೆ ಅವರ ಹೆಂಡತಿ ತೀರಿಕೊಂಡರು. ಮಕ್ಕಳಿರಲಿಲ್ಲ. ಪುಂಜಾಲಕಟ್ಟೆಯಲ್ಲಿ ಅಂಗಡಿಗಳ ಮೇಲಿನ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದರು. ನಾನೂ ನಿವೃತ್ತಳಾಗಿ ಬಂಟ್ವಾಳ ಪೇಟೆಯಲ್ಲಿ ಒಬ್ಬಳೇ ಇದ್ದೆ. ಮದುವೆಯಾದವಳಲ್ಲ. ಪೊಳಲಿಯ ಹುಟ್ಟಿದ ಮನೆಗೆ ವರ್ಷಕ್ಕೊಮ್ಮೆ ಹೋಗಿ ಊಟ ಮಾಡಿ ಬರುವ ಸಂಬಂಧ. ಪ್ರತಿದಿನ ನಾಲ್ಕು ಗಂಟೆಗೆ ಅವರ ಫೋನು ಬರುತ್ತಿತ್ತು.

"ಎಂತ ವಿಶೇಷ?"

"ಏನಿಲ್ಲ."

"ಇಲ್ಲಿಯೂ ಏನಿಲ್ಲ. ಇಡ್ತೇನೆ ಹಾಗಾದ್ರೆ."

ಇಷ್ಟೇ. ಮಳೆಗಾಲದಲ್ಲಿ "ಅಲ್ಲಿ ಮಳೆ ಉಂಟಾ?" ಎಂಬುದೊಂದು ಹೆಚ್ಚು. ಕೇಳಿದವರು ನಕ್ಕಾರು. ಆದರೆ ದಿನದಲ್ಲಿ ನನ್ನ ದನಿ ನನಗೇ ಕೇಳಿಸುತ್ತಿದ್ದದ್ದು ಆಗ ಮಾತ್ರ. ಅವರದ್ದೂ ಹಾಗೆಯೇ ಇದ್ದಿರಬೇಕು.

ಒಂದು ದಿನ ವಿಶೇಷ ಇತ್ತು. ಕಣ್ಣಿನ ಪೊರೆ ತೆಗೆಸಲು ಹೋದವರಿಗೆ ಎದೆಯ ಎಕ್ಸ್‌ರೇ ತೆಗೆದಿದ್ದರು. ಎಡ ಶ್ವಾಸಕೋಶದ ಮೇಲ್ಭಾಗದಲ್ಲಿ ಗೇರುಬೀಜದಷ್ಟು ಒಂದು ಗಂಟು. ಸೂಜಿ ಹಾಕಿ ತೆಗೆದು ನೋಡಿದಾಗ ಕ್ಯಾನ್ಸರ್ ಎಂದೇ ಬಂತು. ಮೂಡುಬಿದಿರೆಯಲ್ಲಿ ಅವರ ತಂಗಿಯ ಮಗಳಿದ್ದಾಳೆ, ಒಳ್ಳೆಯ ಹುಡುಗಿ. ಗಂಡ ಗಲ್ಫಿನಲ್ಲಿ, ಮನೆಯಲ್ಲಿ ಎರಡು ಪುಟ್ಟ ಮಕ್ಕಳು, ಹಾಸಿಗೆ ಹಿಡಿದ ಅತ್ತೆ. ಅವಳಿಂದ ಓಡಾಡಲು ಆಗುತ್ತಿರಲಿಲ್ಲ. ಹಾಗಾಗಿ ಮಂಗಳೂರಿನ ದೊಡ್ಡ ಆಸ್ಪತ್ರೆಗೆ ಜೊತೆಯಲ್ಲಿ ನಾನೇ ಹೋದೆ. ನರ್ಸು ನನ್ನ ಕುಂಕುಮವನ್ನೂ ಅವರ ಟೋಪಿಯನ್ನೂ ನೋಡಿ, "ಇವರು ನಿಮಗೆ ಏನಾಗ್ಬೇಕು ಅಜ್ಜ?" ಎಂದು ಕೇಳಿದಳು. "ಟ್ರೇಸರ್," ಎಂದರು ಅವರು ಗಂಭೀರವಾಗಿ. ಅವಳು ಫಾರ್ಮಿನಲ್ಲಿ ಏನು ಬರೆದುಕೊಂಡಳೋ ದೇವರೇ ಬಲ್ಲ.

ಸರ್ಜನ್ ನಲವತ್ತು ದಾಟಿದ, ನಿಧಾನಕ್ಕೆ ಮಾತಾಡುವ ಮನುಷ್ಯ. ಫೈಲು ತಿರುಗಿಸಿ, "ಎಪ್ಪತ್ತೊಂಬತ್ತು ಅಲ್ವಾ?" ಎಂದರು. ಇವರು "ಹೌದು" ಎಂದರು. ನಾನು ನನ್ನ ಚೀಲದ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

"ಬೇಗ ಸಿಕ್ಕಿದೆ, ಅದು ನಿಮ್ಮ ಅದೃಷ್ಟ. ಆ ಭಾಗವನ್ನು ಕತ್ತರಿಸಿ ತೆಗೆದ್ರೆ ಪೂರ್ತಿ ಗುಣ ಆಗುವ ಸಾಧ್ಯತೆ ಉಂಟು. ಆದ್ರೆ ವಯಸ್ಸು ನೋಡ್ಬೇಕು. ಟೇಬಲಿನ ಮೇಲೆ ನನಗೆ ಹೆದರಿಕೆ ಇಲ್ಲ. ಹೆದರಿಕೆ ಇರುವುದು ಆಪರೇಷನ್ ಆಗಿ ಮೂರನೇ, ನಾಲ್ಕನೇ ದಿನದ್ದು. ನೋವಿಗೆ ಕೆಮ್ಮಲಿಕ್ಕೆ ಆಗುದಿಲ್ಲ, ಕಫ ಕಟ್ತದೆ, ನ್ಯುಮೋನಿಯಾ ಬರ್ತದೆ. ಹೃದಯದ ಬಡಿತ ತಪ್ತದೆ. ಕೆಲವರಿಗೆ ತಲೆ ಗೊಂದಲ ಆಗಿ ಮನೆಯವರ ಗುರುತೇ ಹತ್ತುದಿಲ್ಲ. ಉಸಿರಿನ ಮೆಷಿನಿಗೆ ಹಾಕಿದವರನ್ನು ಹೊರಗೆ ತರುವುದು ಕಷ್ಟ. ಗಾಯ ಒಣಗ್ತದೆ, ಮನೆಗೂ ಹೋಗ್ತಾರೆ. ಆದ್ರೆ ಮೊದಲಿನ ಹಾಗೆ ಒಬ್ಬರೇ ಎದ್ದು, ಒಬ್ಬರೇ ನಡೆದು, ಒಬ್ಬರೇ ಇರ್ಲಿಕ್ಕೆ ಆಗ್ತದಾ ಅಂತ ಕೇಳಿದ್ರೆ ನಾನು ಮಾತು ಕೊಡುದಿಲ್ಲ."

"ಬೇರೆ ದಾರಿ ಇಲ್ವಾ ಡಾಕ್ಟ್ರೇ?" ಎಂದೆ.

"ರೇಡಿಯೇಷನ್ ಉಂಟು. ಕತ್ತರಿಸುದು ಬೇಡ, ಐದಾರು ಸಲ ಬಂದು ಹೋದ್ರೆ ಆಯ್ತು. ಎಂಬತ್ತೈದು ಆಗಿದ್ರೆ ನಾನೇ ಅದನ್ನು ಹೇಳ್ತಿದ್ದೆ. ಇವರು ಗಟ್ಟಿ ಕಾಣ್ತಾರೆ. ಪರೀಕ್ಷೆ ಮಾಡಿ ನೋಡುವ."

ಎಂಬತ್ತೈದು. ಡಾಕ್ಟರರು ಬಾಯಿಗೆ ಬಂದ ಸಂಖ್ಯೆ ಹೇಳಿದ್ದು. ಅದು ಅವರ ಸರಿಯಾದ ವಯಸ್ಸೇ ಆಗಿತ್ತು. ಇವರು ಕಣ್ಣು ಮಿಟುಕಿಸಲಿಲ್ಲ.

"ಆಪರೇಷನೇ ಮಾಡಿ," ಎಂದರು. "ಒತ್ತುವರಿ ಆದದ್ದನ್ನು ತೆರವು ಮಾಡ್ಬೇಕು. ಸುಟ್ಟು ಅಲ್ಲೇ ಬಿಟ್ರೆ ಎಂತ ಪ್ರಯೋಜನ?"

ಕೆಳಗೆ ಕ್ಯಾಂಟೀನಿನಲ್ಲಿ ನಾನು ಜಗಳ ತೆಗೆದೆ. ನಿಜ ಹೇಳಿ ಎಂದೆ. ಒಬ್ಬ ಡಾಕ್ಟರಿಗೆ ಹೇಳಿದರೆ ನಿಮ್ಮ ಕಲ್ಲುಗಳಿಗೆ ಕಾಲು ಬರುವುದಿಲ್ಲ ಎಂದೆ. ಅವರು ಚಾದ ಲೋಟವನ್ನು ತಿರುಗಿಸುತ್ತಾ, "ಇಲ್ಲಿ ಎಲ್ಲ ಕಂಪ್ಯೂಟರಿಗೆ ಹೋಗ್ತದೆ. ಕಂಪ್ಯೂಟರಿಗೆ ಹೋದದ್ದು ಎಲ್ಲಿಗೂ ಹೋಗ್ತದೆ," ಎಂದರು. ಲೋಟ ಕೆಳಗಿಟ್ಟು, "ನೀವು ಮಾತು ಕೊಟ್ಟಿದ್ದೀರಿ," ಎಂದೂ ಸೇರಿಸಿದರು.

ಮರುವಾರ ನಡಿಗೆಯ ಪರೀಕ್ಷೆ. ಆಸ್ಪತ್ರೆಯ ಉದ್ದನೆಯ ಕಾರಿಡಾರಿನ ಎರಡು ತುದಿಗೆ ಕೆಂಪು ಪಟ್ಟಿ ಅಂಟಿಸಿದ್ದರು. ಆರು ನಿಮಿಷದಲ್ಲಿ ಎಷ್ಟು ಸಲ ಆಚೆ ಈಚೆ ನಡೆಯುತ್ತಾರೆ ಎಂದು ಒಬ್ಬಳು ಹುಡುಗಿ ಗಡಿಯಾರ ಹಿಡಿದು ನಿಂತಿದ್ದಳು. ಅವರು ಚಪ್ಪಲಿ ಬಿಟ್ಟು ನಡೆದರು. ಎಲ್ಲಿಯೂ ನಿಲ್ಲಲಿಲ್ಲ. ಕೊನೆಗೆ ಉಸಿರು ಸ್ವಲ್ಪ ಎಳೆಯುತ್ತಿತ್ತು, ತುಟಿ ಬಿಳಚಿತ್ತು. ಹುಡುಗಿ ಖುಷಿಯಿಂದ, "ಅಜ್ಜ, ಸೂಪರ್! ಒಳ್ಳೆ ದೂರ ನಡೆದ್ರಿ," ಎಂದು ಬರೆಯತೊಡಗಿದಳು.

"ಬರೀಬೇಡ ಮಗಾ," ಎಂದರು ಅವರು, ಗೋಡೆ ಹಿಡಿದು. "ನಿನ್ನ ಈ ಪಟ್ಟಿಯಿಂದ ಆ ಪಟ್ಟಿಗೆ ಎಷ್ಟು?"

"ಮೂವತ್ತು ಮೀಟರ್."

"ಅಲ್ಲ. ಇಪ್ಪತ್ತೆಂಟೂವರೆ. ಟೇಪು ತಾ."

ಅವಳು ನಕ್ಕಳು. ಅವರು ಬಿಡಲಿಲ್ಲ. ಕೊನೆಗೆ ಒಬ್ಬ ಎಲೆಕ್ಟ್ರಿಷಿಯನ್ ಹತ್ತಿರ ಟೇಪು ಸಿಕ್ಕಿತು. ಹಿಡಿದು ನೋಡಿದರೆ ಇಪ್ಪತ್ತೆಂಟೂವರೆಗೆ ನಾಲ್ಕು ಬೆರಳು ಹೆಚ್ಚು. "ನೆಲಕ್ಕೆ ಹೊಸ ಟೈಲ್ಸ್ ಹಾಕಿದ ಮೇಲೆ ಪಟ್ಟಿ ಯಾರೋ ಅಂದಾಜಿಗೆ ಅಂಟಿಸಿದ್ದು ಕಾಣ್ತದೆ," ಎಂದಳು ಹುಡುಗಿ. "ನನ್ನ ದೂರ ಕಡಿಮೆ ಮಾಡಿ ಬರಿ. ನಡೆಯದ್ದನ್ನು ನಡೆದೆ ಅಂತ ಬರೀಬಾರದು," ಎಂದರು ಅವರು. ಅವಳು ಎದುರಿಗೇ ಗುಣಿಸಿ ಕಡಿಮೆ ಮಾಡಿ ಬರೆದಳು. ಅದನ್ನು ಅವರು ಕನ್ನಡಕ ಹಾಕಿ ಪರಿಶೀಲಿಸಿದರು.

ನನಗೆ ಸಿಟ್ಟು ನೆತ್ತಿಗೇರಿತು. ತನ್ನ ಜೀವ ಹೋಗುವ ವಿಷಯದಲ್ಲೂ ಒಂದೂವರೆ ಮೀಟರಿನ ಸುಳ್ಳನ್ನು ಸಹಿಸದ ಮನುಷ್ಯ, ಆರು ವರ್ಷದ ಸುಳ್ಳನ್ನು ಎದೆಯಲ್ಲಿಟ್ಟುಕೊಂಡು ಕತ್ತಿಯ ಅಡಿಗೆ ಮಲಗಲು ಹೊರಟಿದ್ದಾರೆ. ಸಿಟ್ಟಿಗಿಂತ ಹೆಚ್ಚಾಗಿ ನನಗೆ ಹೆದರಿಕೆಯಾಗಿತ್ತು, ಅದನ್ನು ಒಪ್ಪಿಕೊಳ್ಳುತ್ತೇನೆ. ಮೆಷಿನಿಗೆ ಹಾಕಿದ ಅವರ ಮುಖ ಕಣ್ಣ ಮುಂದೆ ಬರುತ್ತಿತ್ತು. ಗುರುತು ಹತ್ತದೆ ನನ್ನನ್ನು ಯಾರು ನೀನು ಎಂದು ಕೇಳುವುದು ಕಿವಿಗೆ ಬಿದ್ದ ಹಾಗಾಗುತ್ತಿತ್ತು. ಅವರನ್ನು ಬೆಂಚಿನಲ್ಲಿ ಕೂರಿಸಿ, "ನನ್ನ ಕನ್ನಡಕ ಡಾಕ್ಟರ ಕೋಣೆಯಲ್ಲಿ ಉಳಿದಿದೆ, ತರ್ತೇನೆ," ಎಂದು ಹೇಳಿ ಹೋದೆ. ಕನ್ನಡಕ ಚೀಲದಲ್ಲೇ ಇತ್ತು.

ಡಾಕ್ಟರರು ನಾನು ಹೇಳಿದ್ದನ್ನು ಕೇಳಿ ಪೆನ್ನು ಕೆಳಗಿಟ್ಟರು. "ವಯಸ್ಸು ಒಂದರಿಂದಲೇ ನಾನು ಬೇಡ ಹೇಳುದಿಲ್ಲಮ್ಮ. ಆದ್ರೆ ಹೃದಯದ ಪಂಪಿಂಗ್ ಒಂಚೂರು ಕಮ್ಮಿ ಬಂದಿದೆ. ಎಪ್ಪತ್ತೊಂಬತ್ತಕ್ಕೆ ಅದನ್ನು ಬಿಡಬಹುದಿತ್ತು. ಎಂಬತ್ತೈದಕ್ಕೆ ಬಿಡ್ಲಿಕ್ಕೆ ಆಗುದಿಲ್ಲ. ಎರಡನ್ನೂ ಒಟ್ಟಿಗೆ ನೋಡಿದ್ರೆ ನಾನು ಕತ್ತಿ ಹಿಡಿಯುದಿಲ್ಲ." ಅವರನ್ನು ಒಳಗೆ ಕರೆಸಿದರು.

"ಅಜ್ಜ, ನಿಮ್ಮ ನಿಜವಾದ ವಯಸ್ಸು ಎಷ್ಟು?"

ಅವರು ಮೊದಲು ಡಾಕ್ಟರರನ್ನು ನೋಡಿದರು. ಆಮೇಲೆ ಮೇಜಿನ ಮೇಲಿನ ಫೈಲನ್ನು. ನನ್ನ ಕಡೆ ತಿರುಗಲಿಲ್ಲ. "ಕಾಗದದಲ್ಲಿ ಉಂಟಲ್ಲ."

"ಕಾಗದಕ್ಕೆ ಆಪರೇಷನ್ ಮಾಡುವವನಲ್ಲ ನಾನು. ನೀವು ಹೇಳಿದ್ದು ಈ ಕೋಣೆಯಿಂದ ಹೊರಗೆ ಹೋಗುದಿಲ್ಲ. ಕಾಗದದಲ್ಲಿ ಇದ್ದದ್ದು ಹಾಗೆಯೇ ಇರ್ತದೆ."

ಅವರು ಫೈಲಿನಿಂದ ಕಣ್ಣು ತೆಗೆಯದೆ, "ಎಂಬತ್ತೈದು," ಎಂದರು. ಆ ಒಂದು ಶಬ್ದಕ್ಕೆ ಅವರು ಕುಗ್ಗಿದ್ದನ್ನು ನಾನು ನೋಡಿದೆ.

ಬಸ್ಸಿನಲ್ಲಿ ಕಿಟಕಿಯ ಹೊರಗೆ ನೋಡುತ್ತಾ ಕುಳಿತರು. ಫರಂಗಿಪೇಟೆ ದಾಟಿತು, ಬಿ.ಸಿ. ರೋಡ್ ದಾಟಿತು. ನಾನು ಏನೇನೋ ಹೇಳಿದೆ. ಒಳ್ಳೆಯದಕ್ಕೇ ಎಂದೆ, ಬೈಯಿರಿ ಬೇಕಾದರೆ ಎಂದೆ. ಬಂಟ್ವಾಳ ಬೈಪಾಸಿನಲ್ಲಿ ಅವರು ನನ್ನತ್ತ ತಿರುಗದೆ ಹೇಳಿದರು: "ಮೇಡಂ, ನಿಮ್ಮ ಸ್ಟಾಪು ಬಂತು."

ಅದೇ ಅವರು ನನ್ನೊಡನೆ ಆಡಿದ ಕೊನೆಯ ಮಾತು.

ರೇಡಿಯೇಷನ್‌ಗೆ ತಂಗಿಯ ಮಗಳು ಹೇಗೋ ಹೊಂದಿಸಿಕೊಂಡು ಹೋಗಿ ಬಂದಳು. ಚೆನ್ನಾಗಿಯೇ ಆಯಿತಂತೆ. ಸ್ವಲ್ಪ ದಿನ ಸುಸ್ತು, ಒಣ ಕೆಮ್ಮು, ಆಮೇಲೆ ಮೊದಲಿನ ಹಾಗೆ. ಒಬ್ಬರೇ ಅಡುಗೆ ಮಾಡಿಕೊಳ್ಳುತ್ತಿದ್ದರು, ಒಬ್ಬರೇ ಮಸೀದಿಗೆ ನಡೆದು ಹೋಗುತ್ತಿದ್ದರು. ಇದೆಲ್ಲ ನನಗೆ ಗೊತ್ತಾದದ್ದು ಅವಳ ಫೋನಿನಿಂದ. ನಾಲ್ಕು ಗಂಟೆಯ ಫೋನು ನಿಂತೇಹೋಯಿತು. ಮೊದಲ ತಿಂಗಳು ನಾನೇ ಮಾಡಿದೆ. ಎತ್ತುತ್ತಿದ್ದರು. ಉಸಿರು ಕೇಳಿಸುತ್ತಿತ್ತು. "ಎಂತ ವಿಶೇಷ?" ಎಂದು ಅವರ ಪ್ರಶ್ನೆಯನ್ನು ನಾನೇ ಕೇಳಿದರೆ ಇಟ್ಟುಬಿಡುತ್ತಿದ್ದರು. ಆ ಉಸಿರು ಸರಾಗವಾಗಿದೆ ಎಂದು ತಿಳಿದದ್ದೇ ಲಾಭ ಎಂದುಕೊಂಡು ಕೆಲವು ದಿನ ಮಾಡಿದೆ. ಆಮೇಲೆ ನನಗೂ ಅಭಿಮಾನ ಅಡ್ಡ ಬಂತು, ಬಿಟ್ಟೆ.

ಒಮ್ಮೆ ಪುಂಜಾಲಕಟ್ಟೆಯಲ್ಲಿ ಕಂಡರು. ನಾನು ಬೆಳ್ತಂಗಡಿಗೆ ಹೋಗುವ ಬಸ್ಸಿನಲ್ಲಿದ್ದೆ. ಅವರು ಮಡಚಿದ ಕೊಡೆ ಹಿಡಿದು ರಸ್ತೆ ದಾಟುತ್ತಿದ್ದರು. ಅದೇ ಎರಡೂವರೆ ಅಡಿಯ ಹೆಜ್ಜೆ, ಸ್ವಲ್ಪ ನಿಧಾನ. ನಾನು ಕಿಟಕಿಯಿಂದ ಕೈ ಹೊರಗೆ ಹಾಕಿದೆ. ಅವರು ನೋಡಿದರು. ನೋಡಿ, ಕೊಡೆ ಬಿಡಿಸಿ ನನ್ನ ಕಡೆಗೆ ವಾಲಿಸಿಕೊಂಡು ಮುಂದೆ ಹೋದರು. ಅವತ್ತು ಮಳೆಯೂ ಇರಲಿಲ್ಲ, ಬಿಸಿಲೂ ಇರಲಿಲ್ಲ. ನಾನು ಬೆಳ್ತಂಗಡಿಯ ತನಕ ಅತ್ತೆ. ಕಂಡಕ್ಟರ್ ಟಿಕೆಟ್ ಕೇಳಲಿಲ್ಲ.

ಮೂರು ವರ್ಷ ಬದುಕಿದರು. ಕೊನೆಗೆ ಎದೆಯ ಗಂಟಿನಿಂದಲ್ಲ, ನಾಲ್ಕು ದಿನದ ಜ್ವರದಿಂದ ಹೋದರು. ಆಪರೇಷನ್ ಮಾಡಿಸಿದ್ದರೆ ಇನ್ನೂ ಇರುತ್ತಿದ್ದರೋ, ಅಥವಾ ನಾಲ್ಕನೇ ದಿನವೇ ಹೋಗುತ್ತಿದ್ದರೋ? ಈ ಪ್ರಶ್ನೆಯನ್ನು ನಾನು ದಿನವೂ ಕೇಳಿಕೊಳ್ಳುತ್ತೇನೆ. ಡಾಕ್ಟರರೂ ಗೊತ್ತಿಲ್ಲ ಎಂದೇ ಹೇಳುವರು.

ಸುದ್ದಿ ಸಿಕ್ಕಿ ನಾನು ಹೋಗುವಾಗ ಮಧ್ಯಾಹ್ನವಾಗಿತ್ತು. ಗಂಡಸರು ದಫನಕ್ಕೆ ಹೋಗಿ ಬಂದು ಕೆಳಗೆ ನಿಂತಿದ್ದರು. ಮೇಲೆ ಹೆಂಗಸರ ನಡುವೆ ತಂಗಿಯ ಮಗಳು ಅತ್ತು ಅತ್ತು ಕೆಂಪಾಗಿದ್ದಳು. ನನ್ನನ್ನು ಕಂಡು ಎದ್ದು ಬಂದು ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ಅವರ ಮುಖ ನೋಡಲು ನನಗೆ ಸಿಗಲಿಲ್ಲ.

ಮಸೀದಿಯ ಪುಸ್ತಕದಲ್ಲಿ ಮರಣ ಬರೆಯಲು ಒಬ್ಬರು ಹಿರಿಯರು ಮೆಟ್ಟಿಲು ಹತ್ತಿ ಬಾಗಿಲ ಹೊರಗೆ ಕುರ್ಚಿಯಲ್ಲಿ ಕುಳಿತರು. ಹೆಸರು ಬರೆದರು, ತಂದೆಯ ಹೆಸರು ಬರೆದರು. "ಪ್ರಾಯ?" ಎಂದು ಕೇಳಿದರು. ತಂಗಿಯ ಮಗಳು ಆಧಾರ್ ಕಾರ್ಡ್ ನೋಡಿ, "ಎಂಬತ್ತೆರಡು," ಎಂದಳು.

ಹಿರಿಯರು ಪೆನ್ನು ಎತ್ತಿ ಹಿಡಿದರು. "ಎಂಬತ್ತೆರಡಾ? ಅದು ಹೇಗೆ ಆಗ್ತದೆ? ನನಗೆ ಎಂಬತ್ತು. ನಾವು ಒಂದೇ ಊರಿನವರು. ಮದರಸಕ್ಕೆ ಹೋಗುವಾಗ ಹೊಳೆಯಲ್ಲಿ ನೀರು ಬಂದ್ರೆ ಇವರು ನನ್ನನ್ನು ಹೆಗಲ ಮೇಲೆ ಕೂರಿಸಿ ದಾಟಿಸ್ತಿದ್ರು. ಎರಡು ವರ್ಷ ದೊಡ್ಡ ಹುಡುಗ ಅಷ್ಟು ನೀರಿನಲ್ಲಿ ನನ್ನನ್ನು ಹೊರ್ಲಿಕ್ಕುಂಟಾ?"

ಹುಡುಗಿ ನನ್ನ ಕಡೆ ತಿರುಗಿದಳು. "ಅಕ್ಕ, ನೀವು ಅಷ್ಟು ವರ್ಷ ಒಟ್ಟಿಗೆ ಕೆಲಸ ಮಾಡಿದವರಲ್ವಾ. ನಿಮಗೆ ಗೊತ್ತುಂಟಾ?"

"ಎಂಬತ್ತೆರಡೇ," ಎಂದೆ. "ಆಫೀಸಿನಲ್ಲಿ ಇದ್ದದ್ದೂ ಅದೇ ಲೆಕ್ಕ. ಹುಡುಗನಾಗಿರುವಾಗಲೇ ಉದ್ದ ಇದ್ದಿರ್ಬೇಕು."

ಹಿರಿಯರು ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ ತಲೆ ತಗ್ಗಿಸಿ ಎಂಬತ್ತೆರಡು ಎಂದು ಬರೆದುಕೊಂಡರು. ಮೂರು ವರ್ಷದ ಹಿಂದೆ ಡಾಕ್ಟರರ ಕೋಣೆಯಲ್ಲಿ ನಾನು ಹೀಗೆಯೇ ಕಾಗದದ ವಯಸ್ಸನ್ನು ಒಪ್ಪಿ ಬಾಯಿ ಮುಚ್ಚಿ ಕುಳಿತಿದ್ದರೆ ಅವರು ನನ್ನೊಡನೆ ಮಾತಾಡುತ್ತಿದ್ದರು. ಎಷ್ಟು ದಿನ ಎಂದು ಮಾತ್ರ ನನಗೆ ಗೊತ್ತಿಲ್ಲ.